ಶಿರಸಿಯ ನಮ್ಮ ಪ್ರೌಢಶಾಲೆಗೆ ಲೈಂಗಿಕ ಅಲ್ಪಸಂಖ್ಯಾತರೊಬ್ಬರನ್ನು ಅತಿಥಿಯಾಗಿ ಕರೆಸಿದರೆ ಅಂಥ ಮಕ್ಕಳಿಗೆ ಪ್ರಯೋಜನವಾಗುತ್ತದೆಯೇ?

ಆಗುತ್ತದೆ, ಆದರೆ ಅದು ಹೆಚ್ಚಾಗಿ ಆ ಮಕ್ಕಳ ಸುತ್ತ ಕುಳಿತ ಸಹಪಾಠಿಗಳ ಮೂಲಕ ಒದಗುತ್ತದೆ. ಪರಿಚಯವಿಲ್ಲದವರ ಬಗ್ಗೆ ನಮ್ಮಲ್ಲಿರುವುದು ಕೇಳಿದ ಮಾತು ಮತ್ತು ಗೇಲಿ ಮಾತ್ರ. ಅಂಥವರಲ್ಲಿ ಒಬ್ಬರು ಎದುರು ನಿಂತು ತಮ್ಮ ಓದು, ಮನೆ, ಕೆಲಸಗಳ ಕುರಿತು ಹೇಳಿ ಪ್ರಶ್ನೆಗಳಿಗೆ ಉತ್ತರಿಸಿದಾಗ ಪೂರ್ವಗ್ರಹ ಸಡಿಲಗೊಳ್ಳಬಲ್ಲದು. ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ವಿವರಿಸಿ, ಸಂಸ್ಥೆಯ ಬೆಂಬಲ ಎಲ್ಲರಿಗೂ ಕಾಣುವಂತಿರಬೇಕೆಂಬ ಷರತ್ತನ್ನೂ ಸೇರಿಸಿದ್ದರು. ಆದ್ದರಿಂದ ಮುಖ್ಯೋಪಾಧ್ಯಾಯರು ಅತಿಥಿಯ ಪಕ್ಕದಲ್ಲಿ ಕುಳಿತಿರುವುದು ಭಾಷಣದಷ್ಟೇ ಮುಖ್ಯ. ಯಕ್ಷಗಾನದ ಸ್ತ್ರೀವೇಷವನ್ನು ಮನಸಾರೆ ಮೆಚ್ಚುವ ನಮ್ಮ ಜಿಲ್ಲೆಯಲ್ಲಿಯೂ ಮೃದು ದನಿಯ ಹುಡುಗನನ್ನು ತರಗತಿಯಲ್ಲಿ ಅಣಕಿಸುವುದುಂಟು. ರಂಗಸ್ಥಳದ ಮೆಚ್ಚುಗೆ ತಾನಾಗಿ ಶಾಲೆಯ ಬೆಂಚಿನವರೆಗೆ ಬರುವುದಿಲ್ಲ.

ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಲಿಂಗತ್ವ ಅಲ್ಪಸಂಖ್ಯಾತ (ಟ್ರಾನ್ಸ್‌ಜೆಂಡರ್) ವಿದ್ಯಾರ್ಥಿಗಳಿಗೆ ತಾರತಮ್ಯವಿಲ್ಲದೆ ಶಿಕ್ಷಣ ನೀಡಬೇಕೆಂದು 2019ರ ಕೇಂದ್ರ ಕಾಯ್ದೆ ವಿಧಿಸುತ್ತದೆ. ಅನುಮತಿ ಕೇಳುವಾಗ ಇದನ್ನು ಉಲ್ಲೇಖಿಸಬಹುದು. ಆದರೆ ‘ನಿಮ್ಮಲ್ಲಿ ಯಾರು ಹಾಗಿದ್ದೀರಿ’ ಎಂದು ಸಭೆಯಲ್ಲಿ ಯಾರೂ ಕೇಳದಂತೆ ಮೊದಲೇ ತಿಳಿಸಿ, ಮಕ್ಕಳ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿಕೊಳ್ಳಿ.