ಮಡಿಕೇರಿಯಿಂದ ಕಡಲಿಗೆ ಸೈಕಲ್: ಸಂಪಾಜೆಯೂ ಬೇಡ, ಮಾಕುಟ್ಟವೂ ಬೇಡ

ನಿಮ್ಮ ಪ್ರಶ್ನೆ ಓದಿದಾಗ ಹಳೆಯ ನನ್ನನ್ನೇ ಕಂಡಂತಾಯಿತು. ಮಡಿಕೇರಿಯಿಂದ ಎರಡು ದಿನದಲ್ಲಿ ಕಡಲು ಮುಟ್ಟಿ ಬರಬೇಕು, ವಾಹನದ ಕಾಟ ಇರಬಾರದು, ಸಂಪಾಜೆ ಘಾಟಿ ಒಳ್ಳೆಯದೋ ಮಾಕುಟ್ಟ ಘಾಟಿಯೋ, 25 ಮಿ.ಮೀ. ಟೈರಿನ ರೋಡ್ ಬೈಕ್ ಕೊಂಡರೆ ಸಾಕೇ ಎಂದು ಕೇಳಿದ್ದೀರಿ. ನಾನು ಕೊನೆಗೆ ಎರಡೂ ಬಿಟ್ಟು ಭಾಗಮಂಡಲ, ಕರಿಕೆ, ಪಾಣತ್ತೂರು ಮಾರ್ಗವಾಗಿ ಕೇರಳದ ಕಡಲ ಬದಿಯ ಕಾಞಂಗಾಡಿಗೆ ಇಳಿದೆ. ನಮ್ಮ ಹಿರಿಯರು ಹೊಸದುರ್ಗ ಅನ್ನುತ್ತಿದ್ದರಲ್ಲ, ಅದೇ ಊರು. ದಾರಿಯ ಆಯ್ಕೆ ಸರಿಯಾಗಿತ್ತು. ಘಾಟಿ ಇಳಿದ ರೀತಿ ತಪ್ಪಾಗಿತ್ತು. ಆ ತಪ್ಪನ್ನು ನೀವೂ ಮಾಡುವ ಸಾಧ್ಯತೆ ಹೆಚ್ಚು, ಏಕೆಂದರೆ ನೀವು ಕೊಳ್ಳಹೊರಟಿರುವುದು ಅಂಥದ್ದೇ ಸೈಕಲ್.

ಮೊದಲು ನಿಮ್ಮ ಎರಡು ದಾರಿಗಳ ಮಾತು. ಸಂಪಾಜೆ ಘಾಟಿ ಎಂದರೆ ರಾಷ್ಟ್ರೀಯ ಹೆದ್ದಾರಿ 275, ಮಂಗಳೂರಿನ ಟ್ಯಾಂಕರ್, ರಾತ್ರಿ ಬಸ್ಸು, ಪ್ರವಾಸಿ ಕಾರುಗಳೆಲ್ಲ ಅಲ್ಲೇ ಹಾದುಹೋಗುವುದು. ಮದೆನಾಡು, ಜೋಡುಪಾಲದ ಸುತ್ತ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನಿಮಗೂ ನೆನಪಿರಬಹುದು. ತಿರುವಿನಲ್ಲಿ ಬಸ್ಸು ಬಂದರೆ ಸೈಕಲ್ ಇಳಿಸಲು ಮಣ್ಣಿನ ಅಂಚೂ ಸಿಗದ ಜಾಗಗಳಿವೆ. ಮಾಕುಟ್ಟದ ಕಾಡು ಚೆಂದ, ಆದರೆ ವಿರಾಜಪೇಟೆ–ಇರಿಟ್ಟಿ ರಸ್ತೆಯಲ್ಲಿ ತರಕಾರಿ ಲಾರಿಗಳು ಮೊದಲಿನಿಂದಲೂ ಇದ್ದವು. 2018ರ ಡಿಸೆಂಬರ್‌ನಲ್ಲಿ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಹೊತ್ತಲ್ಲದ ಹೊತ್ತಿನಲ್ಲೂ ಟ್ಯಾಕ್ಸಿ ಓಡಾಡುತ್ತವೆ.

ಕರಿಕೆ ದಾರಿ ಹಾಗಲ್ಲ. ಭಾಗಮಂಡಲ ದಾಟಿ ಸುಮಾರು 30 ಕಿ.ಮೀ. ಕಾಡು, ಕಿರಿದಾದ ಡಾಂಬರು, ತಿರುವಿನ ಮೇಲೆ ತಿರುವು. ವಾರದ ನಡುವಿನ ದಿನವಾದರೆ ಹತ್ತು ನಿಮಿಷಕ್ಕೊಂದು ಜೀಪು ಕಂಡರೂ ಹೆಚ್ಚು. ಹಾಗಾಗಿಯೇ ಇಲ್ಲಿ ಸೈಕಲ್ ಕೆಟ್ಟರೆ ಕೇಳುವವರೂ ಇರುವುದಿಲ್ಲ.

ನನ್ನ ಸೈಕಲ್ಲಿಗೆ ರಿಮ್ ಬ್ರೇಕ್ ಇತ್ತು, ಅಂದರೆ ಚಕ್ರದ ಹೊರಬಳೆಯನ್ನೇ (ರಿಮ್) ರಬ್ಬರಿನಿಂದ ಒತ್ತಿ ನಿಲ್ಲಿಸುವಂಥದ್ದು. 25 ಮಿ.ಮೀ. ಟೈರಿಗೆ ಭಾಗಮಂಡಲದ ಬೆಳಗಿನ ತಂಪಿನಲ್ಲಿ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿದ್ದೆ. ನಾನು, ಸೈಕಲ್, ಹಿಂದಿನ ಚೀಲ ಸೇರಿ 95 ಕೆ.ಜಿ. ಮುಂದಿನ ಬ್ರೇಕ್ ಹಿಡಿದರೆ ತಲೆಕೆಳಗಾಗಿ ಬೀಳುತ್ತೇನೆಂಬ ಭಯಕ್ಕೆ ಹಿಂದಿನ ಬ್ರೇಕನ್ನೇ ಮೆಲ್ಲಗೆ, ಬಿಡದೆ ಒತ್ತಿಕೊಂಡು ಇಳಿದೆ. ವೇಗ ಗಂಟೆಗೆ 15 ಕಿ.ಮೀ. ದಾಟುತ್ತಿರಲಿಲ್ಲ, ಬಹಳ ಎಚ್ಚರಿಕೆಯಿಂದ ಇಳಿಯುತ್ತಿದ್ದೇನೆ ಎಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ: 95 ಕೆ.ಜಿ. ಭಾರ 700 ಮೀಟರ್ ಇಳಿದರೆ ಸುಮಾರು 650 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಎರಡು ಲೀಟರ್ ತಣ್ಣೀರು ಕುದಿ ಬರಲು ಅಷ್ಟು ಸಾಕು. ವೇಗವಾಗಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎದುರಿನ ಗಾಳಿ ತಿನ್ನುತ್ತದೆ. ನಿಧಾನವಾಗಿ ಬ್ರೇಕ್ ಸವರಿಕೊಂಡು ಇಳಿದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕ್ ರಬ್ಬರಿನ ಮೂಲಕ ರಿಮ್ಮಿಗೇ ಹೋಗುತ್ತದೆ. ನನ್ನದರಲ್ಲಿ ಒಂದೇ ರಿಮ್ಮಿಗೆ ಹೋಯಿತು.

ಸುಟ್ಟ ರಬ್ಬರಿನ ವಾಸನೆ ಬಂದ ಸ್ವಲ್ಪ ಹೊತ್ತಿಗೆ ಕೋವಿ ಹಾರಿಸಿದಂಥ ಸದ್ದಾಯಿತು. ಹಿಂದಿನ ಟ್ಯೂಬ್ ಹೋಗಿತ್ತು. ಇಲ್ಲಿಯವರೆಗಿನದು ಚಿಕ್ಕ ತಪ್ಪು. ದೊಡ್ಡದು ಮುಂದೆ ಆಯಿತು: ಚೀಲದಲ್ಲಿದ್ದ ಹೊಸ ಟ್ಯೂಬನ್ನು ಹತ್ತು ನಿಮಿಷದಲ್ಲಿ ಹಾಕಿ, ಗಾಳಿ ಹೊಡೆದು, ಹಾಗೇ ಹೊರಟೆ. ಅದೂ ಮೂರು ಕಿಲೋಮೀಟರ್ ಒಳಗೆ ಅದೇ ಥರ ಸಿಡಿಯಿತು. ಮೂರನೆಯದು ಇರಲಿಲ್ಲ. ಕರಿಕೆಯವರೆಗೆ ಸೈಕಲ್ ತಳ್ಳಿಕೊಂಡು ನಡೆದೆ.

ಆಮೇಲೆ ಬಿಚ್ಚಿ ನೋಡಿದರೆ ಉತ್ತರ ಕೈಯಲ್ಲೇ ಇತ್ತು. ಎರಡೂ ಟ್ಯೂಬ್ ಒಡೆದದ್ದು ರಸ್ತೆ ಮುಟ್ಟುವ ಹೊರಬದಿಯಲ್ಲಲ್ಲ, ರಿಮ್ಮಿಗೆ ತಾಗುವ ಒಳಬದಿಯಲ್ಲಿ. ಸೀಳಿನ ಆಚೀಚೆ ಒಂದೇ ಅಂತರದಲ್ಲಿ ಹತ್ತು ಪೈಸೆಗಿಂತ ಚಿಕ್ಕ ದುಂಡನೆಯ ಉಬ್ಬುಗಳು, ಚಕ್ರದ ಕಡ್ಡಿಗಳು ರಿಮ್ಮಿಗೆ ಸೇರುವ ತೂತಿನ ಅಚ್ಚುಗಳು. ರಿಮ್ಮಿನೊಳಗಿನ ತೆಳು ಪ್ಲಾಸ್ಟಿಕ್ ಟೇಪು ಬಿಸಿಗೆ ಮೆತ್ತಗಾಗಿ, ಪ್ರತಿ ತೂತಿನ ಮೇಲೂ ಗುಳಿಬಿದ್ದು, ಎರಡು ಕಡೆ ಹರಿದಿತ್ತು. ಇತ್ತ ಒಳಗಿನ ಗಾಳಿಯೂ ಕಾಯುತ್ತದೆ: 20 ಡಿಗ್ರಿಯಲ್ಲಿ 100 ಪಿಎಸ್‌ಐ ಇದ್ದದ್ದು 80 ಡಿಗ್ರಿಗೆ ಸುಮಾರು 123 ಆಗುತ್ತದೆ. ಮೆತ್ತಗಾದ ಟೇಪಿನ ಮೇಲೆ ಅಷ್ಟು ಒತ್ತಡ ಬಿದ್ದರೆ ಟ್ಯೂಬು ತೂತಿನೊಳಗೆ ನುಗ್ಗಿ ಹರಿಯದೆ ಇನ್ನೇನಾಗಬೇಕು? ಹರಿದ ಟೇಪಿನ ಮೇಲೆ, ಇನ್ನೂ ಬಿಸಿಯಿದ್ದ ರಿಮ್ಮಿಗೆ ಹೊಸ ಟ್ಯೂಬ್ ಹಾಕಿದ್ದು ಗೊತ್ತಿದ್ದೂ ಬಾವಿಗೆ ಬಿದ್ದಂತೆ. ಮೊದಲು ಒಡೆದ ಟ್ಯೂಬನ್ನೇ ಕತ್ತರಿಸಿ, ರಿಮ್ಮಿನ ಒಳಹಳ್ಳದ ಅಗಲಕ್ಕೆ ಪಟ್ಟಿ ಮಾಡಿ, ತೂತುಗಳ ಮೇಲೆ ಸುತ್ತಿ, ಕಾಲು ಗಂಟೆ ಕಾದು, 70 ಪಿಎಸ್‌ಐ ಮಾತ್ರ ಹೊಡೆದಿದ್ದರೆ ಅದೇ ದಿನ ಕಡಲು ನೋಡುತ್ತಿದ್ದೆ.

ಟ್ಯೂಬ್ ಹೋದಾಗ ಹೊಸದನ್ನು ತೆಗೆಯುವ ಮೊದಲು ಹಳೆಯದರ ತೂತು ಎಲ್ಲಿದೆ ನೋಡಿ. ಟೈರಿನ ಕಡೆ ಇದ್ದರೆ ಮುಳ್ಳು, ಗಾಜು. ಟೈರಿನ ಒಳಗೆ ಬೆರಳಾಡಿಸಿ ತೆಗೆಯಿರಿ. ಹಾವು ಕಚ್ಚಿದ ಹಾಗೆ ಜೋಡಿ ತೂತಿದ್ದರೆ ಗಾಳಿ ಕಡಿಮೆಯಾಗಿ ಗುಂಡಿಗೆ ಬಡಿದದ್ದು. ರಿಮ್ಮಿನ ಕಡೆ ಇದ್ದರೆ ಟೇಪು. ಹೊರಡುವ ಮೊದಲೇ ಪ್ಲಾಸ್ಟಿಕ್ ಟೇಪು ಕಿತ್ತು ಹತ್ತಿ ಬಟ್ಟೆಯ ಟೇಪು ಹಾಕಿಸಿ. ಅದು ಬಿಸಿಗೆ ಮೆತ್ತಗಾಗುವುದಿಲ್ಲ.

ಇಳಿಯುವ ಕ್ರಮ ಹೀಗೆ. ನೇರ ರಸ್ತೆಯಲ್ಲಿ ಬ್ರೇಕ್ ಪೂರ್ತಿ ಬಿಡಿ, ರಿಮ್ಮಿಗೆ ಗಾಳಿ ತಾಗಲಿ. ತಿರುವಿಗೆ 20–30 ಮೀಟರ್ ಮೊದಲು ಸೊಂಟ ಹಿಂದಕ್ಕೆ ಸರಿಸಿ, ಎರಡೂ ಬ್ರೇಕ್ ಒಟ್ಟಿಗೆ ಎರಡು-ಮೂರು ಸೆಕೆಂಡ್ ಬಲವಾಗಿ ಹಿಡಿದು ವೇಗ ಇಳಿಸಿ. ತಿರುವಿನೊಳಗೆ ಬ್ರೇಕ್ ಬಿಟ್ಟುಬಿಡಿ. ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ, ಅದಕ್ಕೆ ಹೆದರಬೇಡಿ. ನಾಲ್ಕೈದು ಕಿಲೋಮೀಟರಿಗೊಮ್ಮೆ ನಿಂತು ಬಾಟಲಿಯಿಂದ ನಾಲ್ಕು ಹನಿ ನೀರು ರಿಮ್ಮಿಗೆ ಹಾಕಿ. ಚುಯ್ ಎಂದರೆ ಹತ್ತು ನಿಮಿಷ ಕೂರಿ. ಬೆರಳಿಟ್ಟು ನೋಡಬೇಡಿ, ಚರ್ಮ ಅಂಟಿಕೊಳ್ಳುತ್ತದೆ. ಬ್ರೇಕ್ ರಬ್ಬರಿನಲ್ಲಿ ಕಚ್ಚಿಕೊಂಡ ಅಲ್ಯೂಮಿನಿಯಂ ಚೂರುಗಳನ್ನು ಸೂಜಿಯಿಂದ ಕಿತ್ತುಹಾಕಿ. ಅವು ಉಳಿದರೆ ರಿಮ್ಮನ್ನೇ ಉಜ್ಜಿ ತೆಳುವಾಗಿಸುತ್ತವೆ.

ಕರಿಕೆಗೆ ಹೋಗುವ ಮೊದಲು ತಲಕಾವೇರಿಯಲ್ಲಿ ಅಭ್ಯಾಸ ಮಾಡಿ. ಭಾಗಮಂಡಲದಿಂದ 8 ಕಿ.ಮೀ., ಏರು ಸುಮಾರು 400 ಮೀಟರ್. ಹೋಗಬೇಕಾದ ಪೂರ್ತಿ ಸಾಮಾನು ಹೇರಿಕೊಂಡೇ ಹತ್ತಿ, ಇಳಿದು, ಕೊನೆಯಲ್ಲಿ ಹಿಂದಿನ ರಿಮ್ಮಿಗೆ ಅದೇ ನಾಲ್ಕು ಹನಿ ನೀರು ಹಾಕಿ ನೋಡಿ. ಅಲ್ಲೇ ಚುಯ್ ಎಂದರೆ ನೀವಿನ್ನೂ ಕರಿಕೆಗೆ ಸಿದ್ಧರಿಲ್ಲ.

ಆದ್ದರಿಂದ 25 ಮಿ.ಮೀ. ಟೈರಿನ ಸೈಕಲ್ ಬೇಡವೇ ಬೇಡ. 35 ಮಿ.ಮೀ. ಟೈರ್ ಹಿಡಿಸುವ, ರಿಮ್ಮಿನ ಬದಲು ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿನ ಸೈಕಲ್ ತೆಗೆದುಕೊಳ್ಳಿ. ಡಿಸ್ಕಿನ ಬಿಸಿ ಟ್ಯೂಬಿಗೆ ಹೋಗುವುದಿಲ್ಲ, 35ರ ಟೈರಿಗೆ 50–55 ಪಿಎಸ್‌ಐ ಸಾಕು, ಮಳೆಗೆ ಕಿತ್ತ ಡಾಂಬರಿನಲ್ಲಿ ಕೈ ಮರಗಟ್ಟುವುದೂ ಇಲ್ಲ. ಗೇರಿನ ಬಗ್ಗೆ ನೀವು ಕೇಳಿಲ್ಲ, ಆದರೆ ಅದನ್ನೇ ಮೊದಲು ಕೇಳಬೇಕಿತ್ತು. ಮುಂದೆ 34 ಹಲ್ಲು, ಹಿಂದೆ 32 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.2 ಮೀಟರ್ ಹೋಗುತ್ತದೆ. ಸಾಮಾನು ಹೊತ್ತು ತಲಕಾವೇರಿ ಏರುವಾಗ ಮಂಡಿ ಒಪ್ಪುವುದಿಲ್ಲ. 28ಕ್ಕೆ 36 ಇದ್ದರೆ 1.6 ಮೀಟರ್, ಕೂತೇ ಹತ್ತಬಹುದು.

ಎರಡು ದಿನವೂ ಸಾಲದು, ಮೂರು ಮಾಡಿಕೊಳ್ಳಿ. ಮೊದಲ ದಿನ ತಾಳತ್ತಮನೆ, ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ ಮೇಲೆ ಭಾಗಮಂಡಲ, ಸುಮಾರು 40 ಕಿ.ಮೀ., ಮಧ್ಯಾಹ್ನ ತಲಕಾವೇರಿ. ಎರಡನೆಯ ದಿನ ಕರಿಕೆ ಇಳಿದು, ಪಾಣತ್ತೂರು, ರಾಜಪುರಂ, ಒಡಯಂಚಾಲ್ ದಾಟಿ ಕಾಞಂಗಾಡು, ಸುಮಾರು 70 ಕಿ.ಮೀ. ಭಾಗಮಂಡಲದಲ್ಲೇ ಹೊಟ್ಟೆ ತುಂಬ ತಿಂದು ಮೂರು ಲೀಟರ್ ನೀರು ಕಟ್ಟಿಕೊಳ್ಳಿ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಎರಡು ಟ್ಯೂಬ್, ತೇಪೆ, ಅಂಟು, ಕೈಪಂಪು, ಬಟ್ಟೆ ಟೇಪು, ಹಳೆ ಟೈರಿನ ಒಂದು ಗೇಣು ತುಂಡು ಚೀಲದಲ್ಲಿರಲಿ. ಟೈರ್ ಸೀಳಿದರೆ ಆ ತುಂಡನ್ನು ಒಳಗಿಟ್ಟು ಊರು ಸೇರಬಹುದು.

ರಸ್ತೆ ಖಾಲಿ ಇರುತ್ತದೋ ಇಲ್ಲವೋ ಎನ್ನುವುದು ಹೊತ್ತಿನ ಮೇಲೂ ನಿಂತಿದೆ. ಶನಿವಾರ, ಭಾನುವಾರ ಬಿಡಿ. ಅಕ್ಟೋಬರ್ 17ರ ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಭಾಗಮಂಡಲದ ಕಡೆ ತಲೆಯೇ ಹಾಕಬೇಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಟ್ಟಗೇರಿ, ಚೇರಂಬಾಣೆ ಕಡೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ, ಸಂಜೆ ನಾಲ್ಕೂವರೆಯ ಮೇಲೆ ಆಳುಗಳ ಜೀಪುಗಳು ಓಡುತ್ತವೆ. ಆ ನಡುವಿನ ಹೊತ್ತು ನಿಮ್ಮದು. ಕರಿಕೆ ಕಾಡಿನಲ್ಲಿ ಆನೆಗಳಿವೆ, ಆದ್ದರಿಂದ ಏಳು ಗಂಟೆಗೆ ಮೊದಲು ಘಾಟಿಗೆ ಇಳಿಯಬೇಡಿ, ನಾಲ್ಕರೊಳಗೆ ಕಾಡು ದಾಟಿರಿ. ರಸ್ತೆಯಲ್ಲಿ ಹಸಿ ಲದ್ದಿ, ಮುರಿದ ಬಿದಿರು ಕಂಡರೆ ನಿಂತು, ನಿಮ್ಮ ದಿಕ್ಕಿಗೆ ಹೋಗುವ ಜೀಪು ಬಂದ ಮೇಲೆ ಅದರ ಹಿಂದೆಯೇ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ಯೋಚನೆಯೇ ಬೇಡ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟವೇ ಜರಿದ ಸೀಮೆ ಇದು. ನನ್ನ ಲೆಕ್ಕದಲ್ಲಿ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಸರಿಯಾದ ಕಾಲ.

ಮೂರನೆಯ ದಿನ ಕಡಲ ಬದಿ. ಹಿಂದಿನ ದಿನ ಕಾಞಂಗಾಡಿಗೆ ಬರುವಾಗಲೇ ಮಾವುಂಗಾಲ್ ಬಳಿ ರಾಷ್ಟ್ರೀಯ ಹೆದ್ದಾರಿ 66 ಸಿಗುತ್ತದೆ, ಅದನ್ನು ದಾಟಿದರೆ ಸಾಕು, ಅದರ ಮೇಲೆ ಸೈಕಲ್ ಹೊಡೆಯಬೇಡಿ. ಬೇಕಲ ಕೋಟೆಯ ಕಡೆಗಿನ ರಸ್ತೆಯಲ್ಲೂ ವಾಹನ ಜಾಸ್ತಿ. ದಕ್ಷಿಣಕ್ಕೆ ನೀಲೇಶ್ವರ, ಚೆರುವತ್ತೂರು ಕಡೆ ಹೋಗಿ ಸೇತುವೆ ದಾಟಿದರೆ ವಲಿಯಪರಂಬ ಸಿಗುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹಿನ್ನೀರು, ನಡುವೆ ತೆಂಗಿನ ಉದ್ದನೆಯ ಪಟ್ಟಿ, ಓಣಿಯಂಥ ರಸ್ತೆ. ನಿಮಗೆ ಬೇಕಾದದ್ದು ಅದೇ. ಬೇಸಗೆಗೆ ಮೊದಲಿನ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲ ಗಾಳಿ ಎದ್ದುಬಿಡುತ್ತದೆ. ಅದಕ್ಕೇ ಉತ್ತರಕ್ಕೆ ಹೋಗುವುದಿದ್ದರೆ ಹನ್ನೊಂದರೊಳಗೆ ಮುಗಿಸಿ. ಮರಳು, ಉಪ್ಪು ಎರಡೂ ಚೈನಿಗೆ ಶತ್ರು, ಸಂಜೆಯೇ ಒಣಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿ.

ವಾಪಸ್ ಘಾಟಿ ಹತ್ತುವ ಹಟ ಮೊದಲ ಸಲಕ್ಕೆ ಬೇಡ. ಕಾಞಂಗಾಡಿನಿಂದ ಮಂಗಳೂರಿಗೆ ರೈಲು, ಅಲ್ಲಿಂದ ಮಡಿಕೇರಿಗೆ ಬಸ್ಸು. ರೈಲಿಗೆ ಸೈಕಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಎಲ್ಲ ರೈಲಿಗೂ ಹತ್ತಿಸಿಕೊಳ್ಳುವುದಿಲ್ಲ, ಹಿಂದಿನ ಸಂಜೆಯೇ ವಿಚಾರಿಸಿ. ಬಸ್ಸಿನಲ್ಲಿ ಮುಂದಿನ ಚಕ್ರ ಬಿಚ್ಚಿ, ಚೈನ್ ಇರುವ ಬದಿ ಮೇಲೆ ಬರುವಂತೆ ಮಲಗಿಸಿ. ಡಿಸ್ಕ್ ಬ್ರೇಕ್ ಆದರೆ ಚಕ್ರ ಬಿಚ್ಚಿದ ಕೂಡಲೇ ಎರಡು ಪ್ಯಾಡುಗಳ ನಡುವೆ ದಪ್ಪ ರಟ್ಟಿನ ಚೂರು ಸಿಕ್ಕಿಸಿ. ಇಲ್ಲದಿದ್ದರೆ ದಾರಿಯಲ್ಲಿ ಯಾರಾದರೂ ಬ್ರೇಕ್ ಲಿವರ್ ಒತ್ತಿದರೆ ಪ್ಯಾಡು ಕೂಡಿಕೊಂಡು ಮಡಿಕೇರಿಯಲ್ಲಿ ಚಕ್ರ ಒಳಗೆ ಹೋಗುವುದಿಲ್ಲ.