ಮೊಮ್ಮಗನನ್ನು ಅರ್ಧ ಮಾಡಬೇಡಿ

ಶಹಾಪುರದಿಂದ ನಿವೃತ್ತ ಶಿಕ್ಷಕರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಮಗ ಸೈನ್ಯದಲ್ಲಿದ್ದಾಗ ಮೇಘಾಲಯದ ಶಿಲ್ಲಾಂಗಿನ ಖಾಸಿ ಬುಡಕಟ್ಟಿನ ಹೆಣ್ಣುಮಗಳನ್ನು ಮದುವೆಯಾದ. ಸಂಸಾರ ಈಗ ಶಹಾಪುರದಲ್ಲಿದೆ. ಮೂರನೆಯ ತರಗತಿಯಲ್ಲಿರುವ ಮೊಮ್ಮಗನನ್ನು ಸಹಪಾಠಿಗಳು ‘ಚೀನಾ’ ಎಂದು ಕರೆಯುತ್ತಾರೆ. ಅವನ ಹೆಸರಿನ ಜೊತೆಗಿರುವ ತಾಯಿಯ ಕುಲನಾಮವನ್ನು ಶಾಲೆಯ ದಾಖಲೆಯಿಂದ ತೆಗೆಸಬೇಕು, ಮನೆಯಲ್ಲಿ ಖಾಸಿ ಮಾತು ನಿಲ್ಲಬೇಕು ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ‘ಶುದ್ಧ ಕನ್ನಡದ ಮಗುವಾಗಿ ಬೆಳೆಸಿದರೆ ಅವನಿಗೇ ಒಳ್ಳೆಯದಲ್ಲವೇ? ಇಲ್ಲದಿದ್ದರೆ ಎಲ್ಲಿಯೂ ಸಲ್ಲದವನಾಗುತ್ತಾನೆ’ ಎಂಬುದು ಅವರ ಆತಂಕ.

ಗುರುಗಳೇ,

ಮಗುವಿಗೆ ಕಾಲೂರಲು ಒಂದು ನೆಲ ಬೇಕು ಎಂಬ ನಿಮ್ಮ ಮಾತು ಸುಳ್ಳಲ್ಲ. ಶಹಾಪುರದಲ್ಲಿ ಬೆಳೆಯುವ ಹುಡುಗನಿಗೆ ಕನ್ನಡ ಚೆನ್ನಾಗಿ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ತಾಯಿಯ ಬಾಯಿ ಕಟ್ಟಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ: ಭಾನುವಾರ ಬೆಳಿಗ್ಗೆ ಹುಡುಗ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಶಿಲ್ಲಾಂಗಿನ ಅಜ್ಜಿಯೊಂದಿಗೆ ಹರಟುತ್ತಾನೆ, ‘ಖುಬ್ಲೇಯ್’ ಎಂದು ಹೇಳಿ ಫೋನು ಇಟ್ಟವನೇ ಒಳಗೆ ಓಡಿ ಬಂದು, ನಿಮ್ಮ ತಟ್ಟೆಯಿಂದಲೇ ಜೋಳದ ರೊಟ್ಟಿ ಮುರಿದುಕೊಂಡು, ಶೇಂಗಾ ಹಿಂಡಿ ಹಚ್ಚಿ ತಿನ್ನುತ್ತ ಶಾಲೆಯ ಸುದ್ದಿಯನ್ನೆಲ್ಲ ಕನ್ನಡದಲ್ಲಿ ಒದರುತ್ತಾನೆ. ಈ ಹುಡುಗನಲ್ಲಿ ನಿಮಗೆ ಯಾವ ಕೊರತೆ ಕಂಡಿತು? ಎರಡು ಮನೆಗಳಿಗೂ ಸಲ್ಲುವವನನ್ನು ಎಲ್ಲಿಯೂ ಸಲ್ಲದವನು ಎಂದು ನೆಂಟರು ಹೇಳಿದರೆ, ಜೀವನವಿಡೀ ಮಕ್ಕಳ ನಡುವೆ ಕಳೆದ ನೀವು ನಂಬಿಬಿಡುವುದೇ?

ಆ ರೊಟ್ಟಿಯ ಜೋಳವೂ ಹೊರಗಿನಿಂದ ಬಂದದ್ದೇ. ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದ ಸುಡಾನ್ ಕಡೆಯಲ್ಲಿ ಮೊದಲು ಬೇಸಾಯಕ್ಕೆ ಬಂದ ಬೆಳೆ ಅದು. ಅದನ್ನು ಪರದೇಶಿಯೆಂದು ನಮ್ಮಲ್ಲಿ ಯಾರೂ ಪಂಕ್ತಿಯಿಂದ ಎಬ್ಬಿಸಲಿಲ್ಲ.

ಈ ಸೀಮೆಯಲ್ಲಿ ಶುದ್ಧಿಯನ್ನು ಹುಡುಕಲು ಹೊರಟವರು ಏನು ಮಾಡಿದರು ಎಂಬುದನ್ನು ನೀವೇ ಪಾಠ ಮಾಡಿರುತ್ತೀರಿ. ಹನ್ನೆರಡನೆಯ ಶತಮಾನದಲ್ಲಿ ಬಸವಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬೀಗರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣ ಪರಂಪರೆ ಇಂದಿಗೂ ನೆನೆಯುತ್ತದೆ. ಮೂರು ಶತಮಾನಗಳ ನಂತರ ಬೀದರಿನ ಬಹಮನಿ ದರ್ಬಾರಿನಲ್ಲಿ ದಖನಿಗಳು, ಅಫಾಕಿಗಳು ಎಂಬ ಬಣಗಳು ಕಾದಾಡಿದವು. ಇಲ್ಲಿ ನೆಲೆ ನಿಂತವರು ಒಂದು ಕಡೆ, ಇರಾನ್ ಮುಂತಾದ ಕಡೆಗಳಿಂದ ಹೊಸದಾಗಿ ಬಂದವರು ಇನ್ನೊಂದು ಕಡೆ. ಆಫ್ರಿಕಾದಿಂದ ಸಮುದ್ರ ದಾಟಿ ಬಂದ ಹಬ್ಶಿಗಳು ಯಾರ ಪಾಳಯದಲ್ಲಿದ್ದರು ಗೊತ್ತೇ? ದಖನಿಗಳ ಪಾಳಯದಲ್ಲಿ! ಅವರು ಆಗಲೇ ಇಲ್ಲಿಯವರಾಗಿಬಿಟ್ಟಿದ್ದರು. ಬೀದರಿನ ಹಬ್ಶಿ ಕೋಟ್ ಗುಡ್ಡದ ಮೇಲೆ ಅವರ ಗೋರಿಗಳಿವೆ. ಇನ್ನು, ಇರಾನಿನ ಗಿಲಾನಿನಿಂದ ಬಂದು ಬೀದರಿಗೆ ಮದರಸಾ ಕಟ್ಟಿಸಿಕೊಟ್ಟ ಬಹಮನಿ ಪ್ರಧಾನಿ ಮಹಮೂದ್ ಗವಾನ್! ಅವನನ್ನು ವಿರೋಧಿಗಳು ಖೋಟಾ ಪತ್ರ ಸೃಷ್ಟಿಸಿ 1481ರಲ್ಲಿ ಕೊಲ್ಲಿಸಿದರು. ಆಮೇಲೆ ಆ ರಾಜ್ಯ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ, ಐದು ಹೋಳಾಯಿತು.

ನಿಮ್ಮ ಬೀಗರ ಪದ್ಧತಿಯನ್ನೂ ಸ್ವಲ್ಪ ತಿಳಿದುಕೊಳ್ಳಿ. ಖಾಸಿಗಳಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಮನೆತನದ ಆಸ್ತಿ ಕಿರಿಯ ಮಗಳ ಕೈಯಲ್ಲಿ, ಮಾತಿನ ತೂಕ ಸೋದರಮಾವನಲ್ಲಿ. ಜವಳದ ದಿನ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವ ನಮಗೆ ಇದು ಅಷ್ಟೊಂದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಖಾಸಿ ಗಂಡಸು ಹೊರಗಿನ ಹೆಣ್ಣನ್ನು ಮದುವೆಯಾದರೆ ಅವಳ ಮಕ್ಕಳಿಗೆ ಕುಲವೇ ಇಲ್ಲದಂತಾಗಬಾರದೆಂದು, ‘ತಾಂಗ್ ಜಾಯಿಟ್’ ಎಂಬ ವಿಧಿಯ ಮೂಲಕ ಅವಳಿಂದಲೇ ಹೊಸ ಕುಲವೊಂದನ್ನು ಆರಂಭಿಸುವ ಸಂಪ್ರದಾಯ ಅವರದು. ಎಂಥ ದೊಡ್ಡ ಮನಸ್ಸು! ಹಾಗೆಂದು ಅಲ್ಲಿ ಜಗಳವಿಲ್ಲವೆಂದಲ್ಲ. ಹೊರಗಿನವರನ್ನು ಮದುವೆಯಾದ ಖಾಸಿ ಮಹಿಳೆಯೂ ಅವಳ ಮಕ್ಕಳೂ ಖಾಸಿ ಸ್ಥಾನಮಾನ ಕಳೆದುಕೊಳ್ಳಬೇಕೆಂಬ ತಿದ್ದುಪಡಿ ಮಸೂದೆಯನ್ನು ಖಾಸಿ ಹಿಲ್ಸ್ ಸ್ವಾಯತ್ತ ಜಿಲ್ಲಾ ಮಂಡಳಿ 2018ರಲ್ಲಿ ಅಂಗೀಕರಿಸಿತು. ಅಲ್ಲಿಯ ಮಹಿಳೆಯರೇ ಎದ್ದು ನಿಂತು ವಿರೋಧಿಸಿದರು. ಅಂದರೆ ಅಲ್ಲಿಯವರು ತಂದೆಯನ್ನು ನೆಪ ಮಾಡಿ, ಇಲ್ಲಿಯವರು ತಾಯಿಯನ್ನು ನೆಪ ಮಾಡಿ ಹೊರಗೆ ನೂಕುವುದು ನಿಮ್ಮ ಮೊಮ್ಮಗನನ್ನೇ.

ನನ್ನ ಸಿಟ್ಟು ನೆಂಟರ ಮೇಲಷ್ಟೇ ಅಲ್ಲ. ನಮ್ಮ ಅರ್ಜಿ ನಮೂನೆಗಳನ್ನು ನೋಡಿ. ತಾಯಿಯ ಹೆಸರಿಗೊಂದು ಸಾಲು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅವಳ ಕುಲ, ಭಾಷೆ, ಊರು ಯಾರಿಗೂ ಬೇಡ. ತಾಂಡಾದಲ್ಲಿ ತಾಯಿಯ ಮಡಿಲಲ್ಲೇ ಬೆಳೆದ ಹುಡುಗಿಯೊಬ್ಬಳಿಗೆ ಕಚೇರಿಯ ಕಿಟಕಿಯಾಚೆಯಿಂದ ಗುಮಾಸ್ತರು ‘ಅಪ್ಪನದು ಯಾವುದು, ಅಷ್ಟು ಹೇಳು’ ಎಂದು ಗದರಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಆ ಹುಡುಗಿ ತಲೆ ತಗ್ಗಿಸಿ ಅರ್ಜಿಯನ್ನು ಮಡಚಿಕೊಂಡು ಹೋದಳು. ಮಗುವಿಗೆ ತಂದೆಯ ಜಾತಿಯೇ ಎಂದು ಕಣ್ಣು ಮುಚ್ಚಿ ತೀರ್ಮಾನಿಸುವಂತಿಲ್ಲ, ಅದು ಯಾರ ನಡುವೆ ಹೇಗೆ ಬೆಳೆಯಿತೆಂಬುದನ್ನು ನೋಡಬೇಕು ಎಂದು ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ. ಕಿಟಕಿಯವರೆಗೆ ಆ ತೀರ್ಪು ಬಂದಿಲ್ಲ. ಜನಗಣತಿಯ ನಿಯಮವೂ ಬಾಲ್ಯದಲ್ಲಿ ತಾಯಿ ಮಗುವಿನೊಂದಿಗೆ ಆಡಿದ ಭಾಷೆಯನ್ನೇ ಮಾತೃಭಾಷೆ ಎನ್ನುತ್ತದೆ. ಜೊತೆಗೆ ಬಲ್ಲ ಇನ್ನೆರಡು ಭಾಷೆಗಳನ್ನು ಬರೆಸಬಹುದು. ಗಣತಿದಾರರು ಮನೆಗೆ ಬಂದಾಗ ಸೊಸೆಯ ಪರವಾಗಿ ನೀವು ಉತ್ತರ ಕೊಡಬೇಡಿ.

‘ಚೀನಾ’ ಎಂಬುದನ್ನು ಹುಡುಗಾಟವೆಂದು ಬಿಡಬೇಡಿ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ವಿಶೇಷ ರೈಲುಗಳಲ್ಲಿ ಗುವಾಹಟಿಗೆ ಹೊರಟದ್ದು ನಮ್ಮದೇ ರಾಜಧಾನಿಯಿಂದ. ಒಂದು ವದಂತಿಗೆ ಅಷ್ಟು ಜನ ಗಂಟುಮೂಟೆ ಕಟ್ಟಬೇಕಾದರೆ, ಅದಕ್ಕೆ ಮೊದಲು ಬೀದಿಯಲ್ಲಿ, ಬಸ್ಸಿನಲ್ಲಿ, ತರಗತಿಯಲ್ಲಿ ಅವರು ಎಷ್ಟು ಸಲ ಇಂಥ ಮಾತು ಕೇಳಿರಬೇಕು!

ನೀವು ಮೇಷ್ಟ್ರು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆ ತರಗತಿಗೆ ಹೋಗಿ, ಭಾರತದ ಭೂಪಟ ತೂಗುಹಾಕಿ, ಶಹಾಪುರ ಎಲ್ಲಿದೆ, ಶಿಲ್ಲಾಂಗ್ ಎಲ್ಲಿದೆ ಎಂದು ಮೊಮ್ಮಗನ ಕೈಯಿಂದಲೇ ತೋರಿಸಿ. ಕುಲನಾಮವನ್ನು ಮುಟ್ಟಬೇಡಿ. ನಾಲ್ಕು ಪುಟಗಳ ಪತ್ರದಲ್ಲಿ ನಿಮ್ಮ ಸೊಸೆಯದು ಒಂದು ಮಾತೂ ಇಲ್ಲ. ಅದು ನನಗೆ ಬಹಳ ನೋವು ತಂದಿತು. ಮುಂದಿನ ಪತ್ರ ಅವರು ಬರೆಯಲಿ. ಕನ್ನಡದಲ್ಲಿ ಬರೆಯಲು ಹಿಂಜರಿದರೆ ಅವರು ಹೇಳಿದ್ದನ್ನು ನೀವು ಬರೆದುಕೊಡಿ, ಆದರೆ ತಿದ್ದಬೇಡಿ. ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ