ಗಿಟಾರ್ ತಯಾರಿಕೆಗೆ ಯಾವ ಲೇಸರ್ ಕೆತ್ತನೆ ಯಂತ್ರ ಕೊಳ್ಳಬೇಕು?

ಪ್ರಶ್ನೆ: ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದ ಹಳೆಯ ಗೋದಾಮಿನಲ್ಲಿ ಮರಗೆಲಸದ ಶೆಡ್ ಮಾಡಿಕೊಂಡು ವರ್ಷಕ್ಕೆ ಐದಾರು ಅಕೂಸ್ಟಿಕ್ ಗಿಟಾರ್ ತಯಾರಿಸುತ್ತಿದ್ದೇನೆ. ಹೆಡ್‌ಸ್ಟಾಕ್ (ತಂತಿ ಬಿಗಿಯುವ ತುದಿ) ಮೇಲೆ ಹೆಸರು ಕೆತ್ತಲು, ರೋಸೆಟ್ (ನಾದರಂಧ್ರದ ಸುತ್ತಲಿನ ಅಲಂಕಾರ) ಮತ್ತು ಇನ್‌ಲೇ (ಮರದಲ್ಲಿ ಕೂರಿಸುವ ಚಿತ್ತಾರ) ಕೆಲಸಕ್ಕೆ, ಫ್ರೆಟ್‌ಬೋರ್ಡ್ (ಬೆರಳು ಒತ್ತುವ ಪಟ್ಟಿ) ಗುರುತಿಗೆ, ಟೆಂಪ್ಲೇಟ್ (ಅಚ್ಚು ಹಲಗೆ) ಕತ್ತರಿಸಲು ಲೇಸರ್ ಯಂತ್ರ ಬೇಕಾಗಿದೆ. 40 ವ್ಯಾಟ್ ಎಂದು ಬರೆದಿರುವ ಡಯೋಡ್ (ಪುಟ್ಟ ಅರೆವಾಹಕದಿಂದ ಲೇಸರ್ ಹೊಮ್ಮಿಸುವ) ಯಂತ್ರ ಅಗ್ಗಕ್ಕೆ ಸಿಗುತ್ತಿದೆ. ಅದು ಸಾಕೇ, ಅಥವಾ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ ಕೊಳವೆಯಿರುವ) ಯಂತ್ರವೇ ಬೇಕೇ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಪದೇ ಪದೇ ಹೋಗುತ್ತದೆ.

ಉತ್ತರ: ನೀವು ಹೇಳಿರುವ ಕೆಲಸಗಳಿಗೆ ನಿಜವಾಗಿ 10 ವ್ಯಾಟ್ ಬೆಳಕು ಕೊಡುವ ಡಯೋಡ್ ಯಂತ್ರ ಸಾಕು ಎಂಬುದು ನನ್ನ ಅಭಿಪ್ರಾಯ. ‘ನಿಜವಾಗಿ’ ಎಂದು ಒತ್ತಿ ಹೇಳಲು ಕಾರಣವಿದೆ. ಅಗ್ಗದ ಡಯೋಡ್ ಯಂತ್ರಗಳ ಡಬ್ಬಿಯ ಮೇಲಿರುವ 40 ವ್ಯಾಟ್ ಅನೇಕ ಸಲ ಯಂತ್ರ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕವೇ ಹೊರತು ಮರದ ಮೇಲೆ ಬೀಳುವ ಬೆಳಕಿನದ್ದಲ್ಲ. ಬೀಳುವ ಬೆಳಕು 5ರಿಂದ 10 ವ್ಯಾಟ್ ಇದ್ದರೆ ಹೆಚ್ಚು. ಒಂದು ನೀಲಿ ಡಯೋಡ್ ಸುಮಾರು 5 ವ್ಯಾಟ್ ಕೊಡುತ್ತದೆ, ಎರಡರ ಕಿರಣಗಳನ್ನು ಕೂಡಿಸಿ 10 ವ್ಯಾಟ್ ಮಾಡುತ್ತಾರೆ. ಆದ್ದರಿಂದ ‘ಆಪ್ಟಿಕಲ್ ಔಟ್‌ಪುಟ್’ ಎಷ್ಟೆಂಬುದನ್ನು ಮಾರುವವರಿಂದ ಬರಹದಲ್ಲೇ ಕೇಳಿ ಪಡೆಯಿರಿ.

ಸಿಒಟು ಯಂತ್ರ ಹೆಚ್ಚು ಸಮರ್ಥವೆಂಬುದರಲ್ಲಿ ಅನುಮಾನವಿಲ್ಲ. ಅದರ ಕಿರಣ 10,600 ನ್ಯಾನೋಮೀಟರಿನದು; ಡಯೋಡಿನ ನೀಲಿ ಬೆಳಕು ಸುಮಾರು 450 ನ್ಯಾನೋಮೀಟರ್. ಪಾರದರ್ಶಕ ಅಕ್ರಿಲಿಕ್ ಹಾಳೆಯಲ್ಲಿ ನೀಲಿ ಬೆಳಕು ಹಾಗೆಯೇ ಹಾದುಹೋಗುತ್ತದೆ, ಸಿಒಟು ಕಿರಣವಾದರೆ ಅದನ್ನು ಸಲೀಸಾಗಿ ಕತ್ತರಿಸುತ್ತದೆ. ಆದರೂ ಅದನ್ನು ಕೊಡಗಿನ ತೋಟದ ಶೆಡ್ಡಿಗೆ ಶಿಫಾರಸು ಮಾಡಲು ನನಗೆ ಮನಸ್ಸು ಬಾರದು. ಅದರ ಗಾಜಿನ ಕೊಳವೆ ಸಾವಿರಾರು ವೋಲ್ಟಿನಲ್ಲಿ ಕೆಲಸ ಮಾಡುತ್ತದೆ, ಅದನ್ನು ಸದಾ ನೀರಿನಿಂದ ತಂಪಾಗಿರಿಸಬೇಕು. ಕಕ್ಕಡ ಮಾಸದ ಮಳೆಯಲ್ಲಿ ಗಾಳಿಯೇ ಒದ್ದೆಯಾಗಿರುವಾಗ ಆ ನೀರು ಶೆಡ್ಡಿನ ಗಾಳಿಗಿಂತ ತಣ್ಣಗಾದರೆ ಕೊಳವೆಯ ಮೇಲೆ ಹನಿಗಟ್ಟುತ್ತದೆ, ಹೈವೋಲ್ಟೇಜ್ ತಂತಿಯ ತುದಿಯಲ್ಲಿ ಕಿಡಿ ಹಾರುವ ಅಪಾಯವೂ ಇದೆ. ಪಂಪು ನಿಂತು ಲೇಸರ್ ಉರಿಯುತ್ತಲೇ ಇದ್ದರೆ ಕೊಳವೆ ಸೀಳಬಹುದು. ಬಳಸದೆ ಇಟ್ಟರೂ ಕೊಳವೆಯ ಶಕ್ತಿ ಕಾಲಕ್ರಮದಲ್ಲಿ ಕುಂದುತ್ತದೆ. ವರ್ಷಕ್ಕೆ ಐದಾರು ಗಿಟಾರಿಗಾಗಿ ಇಷ್ಟೆಲ್ಲ ಹೊರೆ ಹೊರುವ ಅಗತ್ಯವಿಲ್ಲ. ಡಯೋಡ್ ಯಂತ್ರ 12 ಅಥವಾ 24 ವೋಲ್ಟಿನ ಅಡಾಪ್ಟರಿನಲ್ಲಿ ನಡೆಯುವುದರಿಂದ ಮನೆಯ ಇನ್ವರ್ಟರೇ ಸಾಕಾಗುತ್ತದೆ. ಆದರೆ ಕೆಲಸದ ನಡುವೆ ಕರೆಂಟು ಹೋದರೆ ಲೇಸರ್ ತಲೆ ತನ್ನ ಸ್ಥಾನವನ್ನು ಮರೆಯುತ್ತದೆ, ಕಂಪ್ಯೂಟರನ್ನೂ ಅದೇ ಇನ್ವರ್ಟರಿಗೆ ಜೋಡಿಸಿಕೊಳ್ಳಿ.

ಟೆಂಪ್ಲೇಟುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಡಯೋಡಿನಿಂದ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಬಹುದು, ಆದರೆ ನಮ್ಮ ಮಳೆಗಾಲದಲ್ಲಿ ಎಂಡಿಎಫ್ ಉಬ್ಬಿ ಅಳತೆ ಕೆಡುತ್ತದೆ. ವರ್ಷಗಟ್ಟಲೆ ಬಳಸುವ ಬಾಡಿ ಮತ್ತು ನೆಕ್ ಟೆಂಪ್ಲೇಟುಗಳನ್ನು ಮೈಸೂರಿನಲ್ಲಿ ಸಿಒಟು ಯಂತ್ರವಿರುವ, ನಾಮಫಲಕ ಮಾಡುವ ಅಂಗಡಿಯಲ್ಲಿ 6 ಮಿ.ಮೀ. ಅಕ್ರಿಲಿಕ್ಕಿನಲ್ಲಿ ಒಮ್ಮೆ ಕತ್ತರಿಸಿ ತರುವುದೇ ಜಾಣತನ.

ಇನ್ನು ಯಂತ್ರದ ಅಳತೆ. ಹೆಚ್ಚಿನವರು ವ್ಯಾಟಿನ ಬಗ್ಗೆ ತಲೆ ಕೆಡಿಸಿಕೊಂಡು ಇದನ್ನು ಮರೆಯುತ್ತಾರೆ. ನೀವು ಸಾಮಾನ್ಯವಾದ 648 ಮಿ.ಮೀ. ಸ್ಕೇಲ್ (ಮಿಡಿಯುವ ತಂತಿಯ ಉದ್ದ) ಇಟ್ಟುಕೊಂಡಿದ್ದರೆ, ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತ ಹೋಗುವ ಲೆಕ್ಕದಲ್ಲಿ ಮೊದಲ ಫ್ರೆಟ್ (ಸ್ವರದ ಲೋಹದ ಪಟ್ಟಿ) ನಟ್‌ನಿಂದ (ಹೆಡ್‌ಸ್ಟಾಕ್ ಬಳಿ ತಂತಿ ಕೂರುವ ತುಂಡಿನಿಂದ) 36.37 ಮಿ.ಮೀ. ದೂರದಲ್ಲಿ, 12ನೆಯದು 324 ಮಿ.ಮೀ. ದೂರದಲ್ಲಿ, 20ನೆಯದು ಸುಮಾರು 444 ಮಿ.ಮೀ. ದೂರದಲ್ಲಿ ಬರುತ್ತದೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ 400 ಮಿ.ಮೀ. ಹಾಸಿನ ಯಂತ್ರದಲ್ಲಿ 16ನೇ ಫ್ರೆಟ್ಟಿನವರೆಗೆ ಮಾತ್ರ ಒಂದೇ ಸಲಕ್ಕೆ ಗುರುತು ಹಾಕಬಹುದು; ಮರವನ್ನು ಸರಿಸಿ ಮುಂದುವರಿಸಿದರೆ ಅಲ್ಲಿ ತಪ್ಪು ನುಸುಳುತ್ತದೆ. ಒಂದು ಬದಿಯಾದರೂ 600 ಮಿ.ಮೀ. ಇರುವ, ಕಾಲುಗಳನ್ನು ಎತ್ತರಿಸಿ ಪೂರ್ತಿ ಗಿಟಾರನ್ನೇ ಕೆಳಗೆ ತೂರಿಸಬಹುದಾದ ಚೌಕಟ್ಟನ್ನು ಆರಿಸಿ. ಮನೆಗೆ ತಂದ ದಿನವೇ 300 ಮಿ.ಮೀ. ಗೆರೆ ಎಳೆಸಿ ಉಕ್ಕಿನ ಸ್ಕೇಲಿನಿಂದ ಅಳೆದು ನೋಡಿ. ವ್ಯತ್ಯಾಸ ಕಂಡರೆ, ಒಂದು ಮಿ.ಮೀ.ಗೆ ಮೋಟಾರು ಎಷ್ಟು ಹೆಜ್ಜೆ ಇಡಬೇಕೆಂಬ ಸೆಟ್ಟಿಂಗನ್ನು ತಿದ್ದಬಹುದು. ಫ್ರೆಟ್ಟಿನ ಗೆರೆಯನ್ನು ಮಾತ್ರ ಲೇಸರಿನಿಂದ ಹಾಕಿ, ಫ್ರೆಟ್ ಕೂರುವ ಸೀಳನ್ನು ಗರಗಸದಿಂದಲೇ ಕೊಯ್ಯಿರಿ. ಲೇಸರ್ ಸೀಳು ಕೆಳಗೆ ಕಿರಿದಾಗುತ್ತದೆ, ಗೋಡೆ ಕರಕಲಾಗುತ್ತದೆ.

ಇನ್‌ಲೇ ಮತ್ತು ರೋಸೆಟ್ ಕಾಲುವೆಗೂ ಇದೇ ಮಾತು. ನಾನು ಮೊದಲ ಸಲ ಸ್ಪ್ರೂಸ್ ಹಲಗೆಯಲ್ಲಿ ರೋಸೆಟ್ಟಿನ ಕಾಲುವೆಯನ್ನು ಲೇಸರಿನಿಂದಲೇ ತೋಡಿದಾಗ, ತಿಳಿಬಣ್ಣದ ಮೆತ್ತನೆಯ ಪಟ್ಟಿಗಳು ಆಳಕ್ಕೆ ಸುಟ್ಟುಹೋಗಿ, ನಡುವಿನ ಕಂದು ಗಟ್ಟಿ ಗೆರೆಗಳು ಏಣುಗಳಂತೆ ನಿಂತಿದ್ದವು. ಉಗುರು ಆಡಿಸಿದರೆ ಬಾಚಣಿಗೆಯ ಹಲ್ಲಿನ ಮೇಲೆ ಆಡಿಸಿದಂತಾಗುತ್ತಿತ್ತು. ಕರಕಲಿನ ಮೇಲೆ ಅಂಟೂ ಸರಿಯಾಗಿ ಹಿಡಿಯಲಿಲ್ಲ. ಲೇಸರಿನಿಂದ 0.6 ಮಿ.ಮೀ. ವೆನೀರ್ (ತೆಳು ಮರದ ಹಾಳೆ) ತುಂಡುಗಳನ್ನು ಕತ್ತರಿಸಿ, ಕಾಲುವೆಯನ್ನು ಟ್ರಿಮ್ಮರ್ ರೂಟರಿನಿಂದ (ಮರ ತೋಡುವ ಕೈಯಂತ್ರದಿಂದ) ತೋಡುವುದು ಸರಿಯಾದ ಕ್ರಮ. ಕಿರಣ 0.15 ಮಿ.ಮೀ. ಮರ ತಿನ್ನುತ್ತದೆಂದು ಪರೀಕ್ಷೆಯಲ್ಲಿ ಕಂಡರೆ ಚಿತ್ರದ ಹೊರಗೆರೆಯನ್ನು ಅದರ ಅರ್ಧದಷ್ಟು, ಅಂದರೆ 0.075 ಮಿ.ಮೀ., ಹೊರಕ್ಕೆ ಸರಿಸಬೇಕು. ಮುತ್ತಿನ ಚಿಪ್ಪನ್ನು ಡಯೋಡ್ ಕತ್ತರಿಸುವುದಿಲ್ಲ. ಅದಕ್ಕೆ ಅಕ್ಕಸಾಲಿಗರ ಎಳೆ ಗರಗಸವೇ ಬೇಕು.

ಹೆಡ್‌ಸ್ಟಾಕಿಗೆ ಬೀಟೆ ಹೊದಿಸುವವರಾದರೆ ಕೆತ್ತಿದ ಹೆಸರು ಕಪ್ಪಿನಲ್ಲಿ ಕಪ್ಪಾಗಿ ಮರೆಯಾಗುತ್ತದೆಂಬುದು ನೆನಪಿರಲಿ. ಮೇಪಲ್‌ನಂಥ ತಿಳಿ ಮರದ ಮೇಲೆ ಅಕ್ಷರ ಚೆನ್ನಾಗಿ ಏಳುತ್ತದೆ. ಕೆತ್ತುವ ಮುನ್ನ ಪೇಪರ್ ಟೇಪ್ ಅಂಟಿಸಿದರೆ ಹೊಗೆಯ ಕಲೆ ಮರಕ್ಕೆ ತಾಗದು. ಬೀಟೆಯ ದೂಳು ಮತ್ತು ಹೊಗೆ ಕೆಲವರಿಗೆ ಅಲರ್ಜಿ ತರುವುದರಿಂದ ಹೊಗೆಯನ್ನು ಫ್ಯಾನ್ ಮತ್ತು ಪೈಪಿನ ಮೂಲಕ ಶೆಡ್ಡಿನ ಹೊರಗೇ ಬಿಡಬೇಕು. ಪಿವಿಸಿಯನ್ನು ಎಂದಿಗೂ ಲೇಸರಿಗೆ ಒಡ್ಡಬೇಡಿ, ಅದರಿಂದ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. 450 ನ್ಯಾನೋಮೀಟರಿಗೆ ತಕ್ಕ ಕನ್ನಡಕ ಧರಿಸದೆ ಯಂತ್ರ ಚಾಲೂ ಮಾಡಬೇಡಿ, ಕೆಲಸ ನಡೆಯುತ್ತಿರುವಾಗ ಬಿಟ್ಟು ಹೋಗಲೂ ಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಬೂಸಲೂ ಹಿಡಿಯಬಹುದು. ಹಾಗಾದರೆ ಕೂದಲೆಳೆಯಷ್ಟು ಚೊಕ್ಕವಾಗಿದ್ದ ಗೆರೆ ಕಂದು ಮಸಿಯಾಗಿ ಹರಡುತ್ತದೆ. ಇಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಲೆನ್ಸನ್ನು ಮೆಲ್ಲನೆ ಒರೆಸಿ. ಬಳಸದ ದಿನಗಳಲ್ಲಿ ಲೇಸರ್ ತಲೆಯನ್ನು ಬಿಚ್ಚಿ ಸಿಲಿಕಾ ಜೆಲ್ ಹಾಕಿದ ಬಿಗಿಯಾದ ಡಬ್ಬಿಯಲ್ಲಿಡಿ. ಹಣ ಕೊಡುವ ಮುನ್ನ ನೀವೇ ಬಳಸುವ ಬೀಟೆ ಮತ್ತು ಸ್ಪ್ರೂಸಿನ ಅಂಗೈ ಅಗಲದ ತುಂಡುಗಳನ್ನು ಮಾರುವವರಿಗೆ ಕಳುಹಿಸಿ, ನಿಮ್ಮ ಹೆಡ್‌ಸ್ಟಾಕಿನ ಹೆಸರನ್ನೇ ಅವುಗಳ ಮೇಲೆ ಕೆತ್ತಿಸಿ ತರಿಸಿಕೊಳ್ಳಿ.